ಆರು ಸೀಸೆ ನೀಲಿ ಪುಡಿ

ಲೇಖನದಲ್ಲಿ ಎಲ್ಡನ್ ಮೆರೋನ ಹೆಸರು ಇಲ್ಲ ಎನ್ನುವಂತಿರಲಿಲ್ಲ. ಇತ್ತು. ಕೊನೆಯ ಪುಟದಲ್ಲಿ, ಇರುವೆಯಷ್ಟು ಅಕ್ಷರಗಳಲ್ಲಿ, ಹಂದಿಯ ಅಂಡಾಶಯ ಒದಗಿಸಿದ ಕಸಾಯಿಖಾನೆಗೆ ವಂದನೆ ಹೇಳಿ, ಗಾಜಿನ ಕೊಳವೆ ಮಾಡಿಕೊಟ್ಟವರಿಗೆ ವಂದನೆ ಹೇಳಿ, ಅವರೆಲ್ಲರ ಆಮೇಲೆ 'ತಾಂತ್ರಿಕ ನೆರವಿಗಾಗಿ ಶ್ರೀ ಇ. ಮೆರೋ ಅವರಿಗೂ' ಎಂದು ಬರೆದಿದ್ದರು. ಆ 'ಊ' ಅವನಿಗೆ ನೆತ್ತಿಗೇರಿತು. ಕಾಫಿ ಕೋಣೆಯಲ್ಲಿ ನಿಂತೇ ಎರಡು ಸಲ ಓದಿದ. ಪತ್ರಿಕೆಯನ್ನು ಇದ್ದ ಹಾಗೇ ಮಡಿಸಿಟ್ಟು, ಬಸಿದುಕೊಂಡಿದ್ದ ಕಾಫಿಯನ್ನು ಅಲ್ಲೇ ಮರೆತು, ತನ್ನ ಶೀತಲ ಕೋಣೆಗೆ ಹೊರಟುಹೋದ.

ಮೇನ್ ರಾಜ್ಯದ ಒಳನಾಡಿನಲ್ಲಿ, ಹಳೇ ಉಣ್ಣೆ ಗಿರಣಿಯ ಕಟ್ಟಡದಲ್ಲಿ ಮೂವತ್ತು ಜನ ದುಡಿಯುವ ಕಂಪನಿ ಅದು. ಮುಂದಿನ ಭಾಗದಲ್ಲಿ ಹಾರ್ಮೋನುಗಳನ್ನು ಶುದ್ಧ ಮಾಡುತ್ತಾರೆ, ಹಿಂದಿನ ಕೊಟ್ಟಿಗೆಯಲ್ಲಿ ಆಡು ಸಾಕುತ್ತಾರೆ. ಹಾರ್ಮೋನನ್ನು ಆಡಿಗೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ; ಆ ಪ್ರತಿಕಾಯ ದೇಶದ ಪ್ರಯೋಗಾಲಯಗಳಿಗೆಲ್ಲ ಹೋಗುತ್ತದೆ. ಎಲ್ಡನ್ ಅಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದ. ಐವತ್ತನಾಲ್ಕು ವಯಸ್ಸು, ಹೆಂಡತಿ ತೀರಿಕೊಂಡು ಆರು ವರ್ಷ, ಊರಾಚೆ ಒಂಟಿ ಮನೆ. ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳುವಷ್ಟು ಓದಿರಲಿಲ್ಲ, ಆದರೆ ಅವನಷ್ಟು ಚೊಕ್ಕವಾಗಿ ಪ್ರೋಟೀನು ಸೋಸುವವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದು ಅವನದೇ ಅಭಿಪ್ರಾಯ, ನಿಜವೂ ಹೌದು.

ರಿಲ್ಯಾಕ್ಸಿನ್ ಎಂಬ ಹಾರ್ಮೋನಿಗಾಗಿ ಅವನು ಹದಿನಾಲ್ಕು ತಿಂಗಳು ತೇದಿದ್ದ. ಹೆರಿಗೆ ಹತ್ತಿರವಾದಾಗ ತಾಯಿಯ ಸೊಂಟದ ಕಟ್ಟನ್ನು ಸಡಿಲ ಮಾಡುವ ಹಾರ್ಮೋನು ಅದು, ಗಬ್ಬದ ಹಂದಿಯ ಅಂಡಾಶಯದಲ್ಲಿ ಹೇರಳ. ಹೇರಳ ಎಂದರೆ ಡಬ್ಬಿಗಟ್ಟಲೆ ಅಂಡಾಶಯಕ್ಕೆ ಒಂದು ಚಿಟಿಕೆ. ಮಂಜುಗಡ್ಡೆಯಲ್ಲಿ ಬರುತ್ತಿದ್ದ ಅವನ್ನು ಕೈಯಾರೆ ಬಿಡಿಸಿ, ಅರೆದು, ಆಮ್ಲದಲ್ಲಿ ನೆನೆಸಿ, ಎರಡು ಸ್ವೆಟರು ತೊಟ್ಟು ಕೊರೆಯುವ ಕೋಣೆಯಲ್ಲಿ ಹನಿಹನಿ ಸೋಸಿ, ಕೊನೆಗೆ ಬೆರಳ ತುದಿಗೂ ಸಾಲದಷ್ಟು ಬಿಳಿಪುಡಿ ಮಾಡಿದ. ಅದರಲ್ಲಿ ಒಂದು ಕಸವೂ ಇರಲಿಲ್ಲ.

ಆದರೆ ಆ ಪುಡಿಯನ್ನಷ್ಟೇ ಆಡಿಗೆ ಚುಚ್ಚಿದರೆ ಪ್ರಯೋಜನವಿಲ್ಲ. ಅಷ್ಟು ಸಣ್ಣದನ್ನು ಮೈ ಕಣ್ಣೆತ್ತಿಯೂ ನೋಡುವುದಿಲ್ಲ. ದೊಡ್ಡದೊಂದು ಪರಕೀಯ ಪ್ರೋಟೀನಿಗೆ ಕಟ್ಟಿ ಕಳಿಸಿದರೆ ಮಾತ್ರ ಮೈ ಗಾಬರಿಬಿದ್ದು ದೊಡ್ಡದಕ್ಕೂ ಅದು ಹೊತ್ತು ತಂದದ್ದಕ್ಕೂ ಪ್ರತಿಕಾಯ ಮಾಡುತ್ತದೆ. ಹೊರುವ ಆ ದೊಡ್ಡದಕ್ಕೆ ವಾಹಕ ಎನ್ನುತ್ತಾರೆ. ಪೆಸಿಫಿಕ್ ತೀರದ ಬಂಡೆಗಳಿಗೆ ಅಂಟಿಕೊಂಡಿರುವ ಒಂದು ಚಿಪ್ಪುಜೀವಿಯ ನೀಲಿ ರಕ್ತದಿಂದ ತೆಗೆದದ್ದು. ಇವೆರಡನ್ನೂ ಸೇರಿಸುವ ರಾಸಾಯನಿಕ ಕೊಂಡಿಯನ್ನು ಮಾಡಿದವಳು ಡಾ. ಮಿರಿಯಂ ಕಾಯ್ಲ್. ಬಾಸ್ಟನ್ನಿನಿಂದ ಬಂದವಳು, ಮೂವತ್ತನಾಲ್ಕರ ವಯಸ್ಸು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹೊಸ ಕೊಂಡಿಯೊಂದನ್ನು ಎರಡು ವರ್ಷ ಕೂತು ಅರ್ಧ ಚಮಚದಷ್ಟು ತಯಾರಿಸಿದಳು. ಅದರಿಂದ ಎರಡೇ ವಾರದಲ್ಲಿ ಎಲ್ಡನ್ನನ ರಿಲ್ಯಾಕ್ಸಿನ್ನನ್ನು ವಾಹಕಕ್ಕೆ ಕಟ್ಟಿ, ಒಣಗಿಸಿ, ಆರು ಪುಟ್ಟ ಸೀಸೆಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟಳು. ಲೇಖನದ ನೆತ್ತಿಯ ಮೇಲೆ ಅವಳ ಹೆಸರು, ಪಕ್ಕದಲ್ಲಿ ನಿರ್ದೇಶಕ ಹಾಲಿಸ್ ವಾರ್ನಿಯ ಹೆಸರು. ಹದಿನಾಲ್ಕು ತಿಂಗಳಿಗೆ ಒಂದು 'ಊ', ಎರಡು ವಾರಕ್ಕೆ ನೆತ್ತಿ.

ಅದೇ ವಾರ ವಾರ್ನಿ ಅವನನ್ನು ಕೋಣೆಗೆ ಕರೆಸಿದ. ಬಾಗಿಲು ಮುಚ್ಚಿದ, ಅದೇ ಅಪಶಕುನ.

"ನೋಡು ಎಲ್ಡನ್, ಜೂನ್ ಕೊನೆಗೆ ಶೀತಲ ಕೋಣೆ ಮಿರಿಯಂಗೆ ಬಿಟ್ಕೊಡೋಣ ಅಂತಿದೀನಿ. ನೀನೂ ದಣಿದಿದೀಯ. ದೋಣಿ ತಗೊಂಡು ಹಾಯಾಗಿ ಮೀನು ಹಿಡ್ಕೊಂಡಿರು."

"ನಾನು ಮೀನು ಹಿಡಿಯೋನಲ್ಲ," ಎಂದ ಎಲ್ಡನ್.

"ಕಲ್ತುಕೊಳ್ಳಯ್ಯ, ಏನು ಮಹಾ."

ಹತ್ತೊಂಬತ್ತು ವರ್ಷದ ಲೆಕ್ಕ ಇಷ್ಟಕ್ಕೆ ಚುಕ್ತಾ ಆಯಿತು. ಅವತ್ತಿನಿಂದ ಎಲ್ಡನ್ ಒಂದು ಕಡೆ ಕೂತವನಲ್ಲ. ಮನೆಯಲ್ಲಿ ಒಲೆಯ ಮುಂದೆ ಕೂತರೆ ಎದ್ದು ಕಿಟಕಿಗೆ ಹೋಗುತ್ತಿದ್ದ, ಕಿಟಕಿಯಿಂದ ಮತ್ತೆ ಒಲೆಗೆ. ಭಾನುವಾರ ಕೆಲಸವಿಲ್ಲದಿದ್ದರೂ ಟ್ರಕ್ಕು ಹತ್ತಿ ಗಿರಣಿಯ ಮುಂದೆ ಎರಡು ಸುತ್ತು ಹಾಕಿ ಬರುತ್ತಿದ್ದ. ಆ ಆರು ಸೀಸೆಯೊಳಗಿನದು ತನ್ನದು ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಎಳೆಯ ಹಾಗೆ ಕಾಡುತ್ತಿತ್ತು, ಎಷ್ಟು ಸಲ ನಾಲಿಗೆ ಆಡಿಸಿದರೂ ಬರುತ್ತಿರಲಿಲ್ಲ.

ಮ್ಯಾಸಚೂಸೆಟ್ಸಿನ ಒಂದು ಕಂಪನಿಯವನು ಫೋನು ಮಾಡಿದ್ದು ಇಂಥ ಸಮಯಕ್ಕೆ. ಹಿಂದೆಯೂ ಒಂದೆರಡು ಸಲ ಮಾತಾಡಿಸಿದ್ದವನೇ. ರಿಲ್ಯಾಕ್ಸಿನ್ ಹಿಡಿಯುವ ಆಡಿನ ಸೀರಂ, ಅಂದರೆ ರಕ್ತದ ತಿಳಿ, ಒಂದು ಸೀಸೆ ತಂದುಕೊಟ್ಟರೆ ಸಾಕು, ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ, ಜುಲೈನಿಂದ ಎಲ್ಡನ್ನನಿಗೇ ಒಂದು ಪ್ರಯೋಗಾಲಯ, ಬಾಗಿಲ ಮೇಲೆ ಅವನದೇ ಹೆಸರು ಎಂದ. ಬಾಗಿಲ ಮೇಲೆ ಎಂಬುದನ್ನು ಎರಡು ಸಲ ಹೇಳಿದ. ಎಲ್ಲಿ ನೋಯುತ್ತದೆಂದು ಯಾರೋ ಅವನಿಗೆ ಹೇಳಿಕೊಟ್ಟಂತಿತ್ತು.

ಕದ್ದರೆ ಗೊತ್ತಾಗುತ್ತದೆ. ಆರು ಸೀಸೆ ಇದ್ದಲ್ಲಿ ಐದಾದರೆ ಮಿರಿಯಂ ಊರು ಒಂದು ಮಾಡುತ್ತಾಳೆ. ಆದ್ದರಿಂದ ಕದ್ದದ್ದು ಕಳ್ಳತನದ ಹಾಗೆ ಕಾಣಲೇಬಾರದು ಎಂದು ಅವನು ಲೆಕ್ಕ ಹಾಕಿದ. ಸೀಸೆಗಳು ಆರೇ ಇರಬೇಕು. ಒಳಗೆ ಅದೇ ತೂಕದ, ಅದೇ ಮಾಸಲು ನೀಲಿಯ ಪುಡಿ ಇರಬೇಕು. ಆದರೆ ಅದು ಬರೀ ವಾಹಕವಾಗಿರಬೇಕು. ಹಾರ್ಮೋನೂ ಇಲ್ಲ, ಕೊಂಡಿಯೂ ಇಲ್ಲ. ಮಿರಿಯಂಳ ಆಡುಗಳು ಅದನ್ನು ಚುಚ್ಚಿಸಿಕೊಂಡು ಚಿಪ್ಪುಜೀವಿಗೆ ಬೇಕಾದಷ್ಟು ಪ್ರತಿಕಾಯ ಮಾಡುತ್ತವೆ, ರಿಲ್ಯಾಕ್ಸಿನ್ನಿಗೆ ಒಂದನ್ನೂ ಮಾಡುವುದಿಲ್ಲ. ಆಗ ಎಲ್ಲರೂ ಏನೆನ್ನುತ್ತಾರೆ? ಕೊಂಡಿ ನಿಲ್ಲಲಿಲ್ಲ, ಸೀಸೆಯಲ್ಲೇ ಬಿಚ್ಚಿಕೊಂಡಿತು ಎನ್ನುತ್ತಾರೆ. ಈ ಕಸುಬಿನಲ್ಲಿ ಹತ್ತಕ್ಕೆ ಒಂಬತ್ತು ಪ್ರಯೋಗ ಯಾರ ಸಹಾಯವೂ ಇಲ್ಲದೆ ತಾನಾಗಿ ಕೆಡುತ್ತದೆ. ಹತ್ತನೆಯದಕ್ಕೆ ಪೊಲೀಸರನ್ನು ಕರೆಯುವವರು ಯಾರು? ಇಷ್ಟು ಯೋಚಿಸಿದ ದಿನ ಎಲ್ಡನ್ ಮೊದಲ ಸಲ ಹೊಟ್ಟೆ ತುಂಬ ಉಂಡ.

ಬರೀ ವಾಹಕದ ಪುಡಿ ಅವನ ಕಪಾಟಿನಲ್ಲೇ ಡಬ್ಬಿಗಟ್ಟಲೆ ಇತ್ತು. ಅದೇ ಥರದ ಸೀಸೆ, ಅದೇ ರಬ್ಬರ್ ಬಿರಡೆ, ಅದನ್ನು ಬಿಗಿಯುವ ಅಲ್ಯೂಮಿನಿಯಂ ಮುಚ್ಚಳ, ಎಲ್ಲ ಕೈಗೆಟುಕುವಲ್ಲಿ. ಫೆಬ್ರವರಿಯಲ್ಲಿ ಬೇರೆ ಕೆಲಸದ ನಡುವೆ ಆರು ಸೀಸೆ ತೂಗಿ, ತುಂಬಿ, ಒಣಗಿಸಿ ಸಿದ್ಧ ಮಾಡಿದ. ಮಿರಿಯಂಳ ಕೈಬರಹದ ಚೀಟಿ ಒಂದೇ ತೊಡಕಿನದು. ಅದಕ್ಕೂ ಉಪಾಯವಿತ್ತು: ಕಡುತಣ್ಣಗಿರುವಾಗ ಚೀಟಿಯ ಅಂಟು ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಕಳಚುತ್ತದೆ, ಇನ್ನೊಂದು ಸೀಸೆಗೆ ಹಚ್ಚಿ ಬೆರಳಿನ ಬಿಸಿ ಕೊಟ್ಟರೆ ಮತ್ತೆ ಕೂರುತ್ತದೆ. ಹತ್ತು ಚೀಟಿ ಹಾಳು ಮಾಡಿ ಅವನು ಇದನ್ನು ಅಭ್ಯಾಸ ಮಾಡಿಕೊಂಡ.

ದಿನವೂ ತಾನಾಗಿ ಒದಗಿಬಂತು. ಮಾರ್ಚಿ ಬಂದರೆ ಊರ ಸಭೆ. ಅವತ್ತು ಗಿರಣಿಗೆ ರಜೆ. ಊರಿಗೆ ಊರೇ ಸಭಾಂಗಣದಲ್ಲಿ ಕೂತು ರಸ್ತೆಯ ಹಿಮ ತೆಗೆಸುವುದಕ್ಕೆ, ಶಾಲೆಗೆ, ಕಸದ ಗುಂಡಿಗೆ ಕೈಯೆತ್ತಿ ಮತ ಹಾಕುತ್ತದೆ. ಮಧ್ಯಾಹ್ನ ಬೇಯಿಸಿದ ಬೀನ್ಸ್ ಕಾಳು, ಕಂದು ಬ್ರೆಡ್ಡು. ಕಸದ ಗುಂಡಿಯ ಮಾತೆತ್ತಿದರೆ ಪ್ರತಿವರ್ಷವೂ ಅದೇ ಇಬ್ಬರು ಎದ್ದು ನಿಂತು ಅದೇ ಜಗಳ ಒಂದು ಗಂಟೆಗೆ ಕಡಿಮೆಯಿಲ್ಲದೆ ಆಡುತ್ತಾರೆ. ಎಲ್ಡನ್ ಎಲ್ಲರಿಗೂ ಕಾಣುವ ಹಾಗೆ ಮೂರನೆಯ ಸಾಲಿನಲ್ಲಿ ಕೂತು ಹಿಮಕ್ಕೆ ಕೈಯೆತ್ತಿದ, ಶಾಲೆಗೆ ಕೈಯೆತ್ತಿದ, ಗುಂಡಿಯ ಜಗಳ ಕಾವೇರಿದಾಗ ಕೋಟನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದ. ಗಿರಣಿಯ ಫ್ರೀಜರಿನ ಮುಂದೆ ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆರು ಚೀಟಿಯಲ್ಲಿ ಒಂದೂ ಹರಿಯಲಿಲ್ಲ. ಹಿಂತಿರುಗಿ ಬಂದಾಗ ಜಗಳ ಇನ್ನೂ ನಡೆಯುತ್ತಿತ್ತು. ಅವನೂ ಎದ್ದು ಗುಂಡಿಯ ಪರವಾಗಿ ಎರಡು ಮಾತಾಡಿದ. ಚಪ್ಪಾಳೆ ಬಿತ್ತು.

ನಿಜವಾದ ಆರು ಸೀಸೆಗಳು ಅವನ ಮನೆಯ ಫ್ರೀಜರಿನಲ್ಲಿ, ಜಿಂಕೆ ಮಾಂಸದ ಪೊಟ್ಟಣಗಳ ಅಡಿಯಲ್ಲಿ ಮಲಗಿದವು. ಹಿತ್ತಲ ಕೊಟ್ಟಿಗೆಗೆ ಅವನು ಜನವರಿಯಲ್ಲೇ ಒಂದು ಆಡು ತಂದು ಕಟ್ಟಿದ್ದ. ಕಂದು ಬಣ್ಣದ, ಕೆಟ್ಟ ಸಿಟ್ಟಿನ ಹೆಣ್ಣಾಡು, ಹೆಸರು ಬ್ಯೂಲಾ. ಮಾರಿದವಳು ಹೆಸರಿನ ಸಮೇತ ಕೊಟ್ಟಿದ್ದಳು. ಆ ಸೀಮೆಯಲ್ಲಿ ಆಡು ಸಾಕಿದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಪುಡಿಯನ್ನು ನೀರಿನಲ್ಲಿ ಕರಗಿಸಿ, ಎಣ್ಣೆಯ ಜೊತೆ ಕಡೆದು, ಬೆಣ್ಣೆಯ ಹದಕ್ಕೆ ತಂದು ಚುಚ್ಚಬೇಕು. ಎಣ್ಣೆಯಿದ್ದರೆ ಮದ್ದು ಒಳಗೇ ನಿಂತು ವಾರಗಟ್ಟಲೆ ಮೈಯನ್ನು ಕೆಣಕುತ್ತಿರುತ್ತದೆ. ಎಲ್ಡನ್ ಇದನ್ನು ನೂರು ಸಲ ನೋಡಿದ್ದ, ಕೈಯಾರೆ ಮಾಡಿರಲಿಲ್ಲ. ಕಂಪನಿಯಲ್ಲಿ ಅದು ಕೊಟ್ಟಿಗೆಯ ಆರ್ಮಂಡ್ ಲೆವೆಕ್‌ನ ಕೆಲಸ. ಬ್ಯೂಲಾಳ ಕತ್ತನ್ನು ಮೊಳಕಾಲಿನ ನಡುವೆ ಒತ್ತಿಹಿಡಿದು ನಾಲ್ಕು ಕಡೆ ಚುಚ್ಚುವುದರೊಳಗೆ ಬೆವರಿಳಿಯಿತು. ಐದನೆಯದಕ್ಕೆ ಅದು ಹಿಂದಿನ ಕಾಲು ಝಾಡಿಸಿತು, ಸೂಜಿ ತಿರುಗಿ ಅವನ ಎಡಗೈ ಹೆಬ್ಬೆರಳ ಬುಡಕ್ಕೆ ನೆಟ್ಟಿತು. ಅವನು ಅದಕ್ಕೊಂದು ಬೈಗುಳ ಕೊಟ್ಟ. ಕೈ ತೊಳೆದುಕೊಂಡು, ಬಟ್ಟೆ ಸುತ್ತಿ, ಐದನೆಯ ಕಡೆಗೂ ಚುಚ್ಚಿ ಮುಗಿಸಿಯೇ ಒಳಗೆ ಹೋದ. ಮಾಡುವ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ.

ಹೆಬ್ಬೆರಳು ಊದಿತು. ಎರಡನೆಯ ವಾರ ಅಡಿಕೆಯಷ್ಟು ಗಂಟಾಗಿ ಕೀವು ಬರತೊಡಗಿತು. ಎಲ್ಡನ್ನನಿಗೆ ನೋವಿಗಿಂತ ಚಿಂತೆ ಹೆಚ್ಚಾಯಿತು, ಏಕೆಂದರೆ ಎಣ್ಣೆಮದ್ದಿನ ಗಂಟು ಹೇಗಿರುತ್ತದೆಂದು ಆರ್ಮಂಡ್‌ನಿಗೆ ಗೊತ್ತು. ಅದಕ್ಕೂ ಅವನು ಒಂದು ದಾರಿ ಮಾಡಿದ. ಮೀನು ಹಿಡಿಯುವ ಪರವಾನಗಿ ಮಾಡಿಸಿದ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗಾಳ ಕೊಂಡ, ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಎರಡು ಗಂಟೆ ಹಲ್ಲು ಕಡಿಯುತ್ತ ಕೂತ. ಒಂದು ಮೀನೂ ಸಿಗಲಿಲ್ಲ. ನಿಜವಾಗಿ ಕೂತಿದ್ದರಿಂದ ಸುಳ್ಳು ಗಟ್ಟಿಯಾಯಿತು.

ಆರ್ಮಂಡ್‌ನ ಕಣ್ಣು ತೀಕ್ಷ್ಣ, ಬಾಯಿ ಅದಕ್ಕಿಂತ. ಊಟದ ಮೇಜಿನಲ್ಲಿ ಎಲ್ಡನ್ನನ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದ.

"ಏನಯ್ಯಾ ಇದು, ನನ್ನ ಆಡುಗಳ ಚಪ್ಪೆ ಇದ್ದಂಗಿದೆಯಲ್ಲೋ. ನಿನಗ್ಯಾರು ಇಂಜೆಕ್ಷನ್ ಕೊಟ್ಟೋರು?"

"ಗಾಳ ಚುಚ್ಚಿಕೊಂಡೆ ಕಣಯ್ಯ. ವಾರ್ನಿ ಮೀನು ಹಿಡಿ ಅಂದ, ಹಿಡಿಯೋಕೆ ಹೋದೆ."

"ಮೀನೇ ನಿನ್ನ ಹಿಡೀತು ಅನ್ನು," ಎಂದು ಆರ್ಮಂಡ್ ನಕ್ಕ. ಮೇಜಿಗೆ ಮೇಜೇ ನಕ್ಕಿತು. ಎಲ್ಡನ್ನೂ ನಕ್ಕ, ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಏಪ್ರಿಲ್ ಕೊನೆಗೆ ಗಂಟು ಬಟಾಣಿಕಾಳಿನಷ್ಟಾಗಿ, ಯಾರೂ ಅದನ್ನು ಮತ್ತೆ ಕೇಳಲಿಲ್ಲ.

ಅತ್ತ ಕಂಪನಿಯ ಕೊಟ್ಟಿಗೆಯಲ್ಲಿ ಮಿರಿಯಂಳ ಮೂರು ಆಡುಗಳಿಗೆ ಮಾರ್ಚಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು ಎಂದು ಆರೂ ಸೀಸೆ ಮುಗಿದವು. ಸೀಸೆಯ ಬಿರಡೆ ತೆಗೆದವಳು ಅವಳು, ಚುಚ್ಚಿದವನು ಆರ್ಮಂಡ್. ಎಲ್ಡನ್ ಆ ಕಡೆ ತಲೆಹಾಕಲಿಲ್ಲ. ಮೇ ತಿಂಗಳ ಮೊದಲ ರಕ್ತ ಪರೀಕ್ಷೆಗೆ ಬಂತು. ಚಿಪ್ಪುಜೀವಿಯ ಪ್ರೋಟೀನಿಗೆ ಮೂರೂ ಆಡುಗಳಲ್ಲಿ ಭರ್ತಿ ಪ್ರತಿಕಾಯ, ರಿಲ್ಯಾಕ್ಸಿನ್ನಿಗೆ ಸೊನ್ನೆ. ಎರಡನೆಯ ರಕ್ತದಲ್ಲೂ ಸೊನ್ನೆ. ಮಿರಿಯಂ ಅಳಲಿಲ್ಲ, ಕೂಗಾಡಲಿಲ್ಲ. ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದಳು, ಊಟ ಬಿಟ್ಟಳು, ಗಿರಣಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಹೊಳೆ ನೋಡುತ್ತಿದ್ದಳು. ಆಡುಗಳು ಕೈಕೊಟ್ಟರೆ ಕೊಂಡಿಯ ಕೆಲಸ ನಿಲ್ಲಿಸುತ್ತೇವೆ, ಅವಳನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ವಾರ್ನಿ ಮೊದಲೇ ಹೇಳಿದ್ದ. ಅವಳ ಎರಡು ವರ್ಷವೂ ಹೆಸರೂ ಆ ಮೂರು ಆಡುಗಳ ರಕ್ತದಲ್ಲಿತ್ತು.

ಮನೆಯಲ್ಲಿ ಬ್ಯೂಲಾಳ ರಕ್ತ ಬೇರೆಯೇ ಕತೆ ಹೇಳುತ್ತಿತ್ತು. ಒಂದು ಹನಿಯನ್ನು ಸಾವಿರ ಪಟ್ಟು ನೀರು ಮಾಡಿದರೂ ರಿಲ್ಯಾಕ್ಸಿನ್ನನ್ನು ಗಪ್ಪನೆ ಹಿಡಿಯುತ್ತಿತ್ತು. ಇಷ್ಟು ಒಳ್ಳೆಯ ಸೀರಮ್ಮನ್ನು ಎಲ್ಡನ್ ಜೀವಮಾನದಲ್ಲಿ ಕಂಡಿರಲಿಲ್ಲ. ಆ ಹೆಂಗಸಿನ ಕೊಂಡಿ ಅಷ್ಟು ಚೆನ್ನಾಗಿತ್ತು. ಅದನ್ನು ತನ್ನಷ್ಟಕ್ಕೆ ಒಪ್ಪಿಕೊಂಡ ದಿನ ಅವನಿಗೆ ಮನೆಯೊಳಗೆ ನಿಲ್ಲಲಾಗದೆ, ಎರಡು ಮೈಲಿ ಕೆಸರಿನಲ್ಲಿ ನಡೆದು ಬಂದ. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ ಎಂಬುದೇ ಹಿಂಸೆ. ಕಾಫಿ ಕೋಣೆಯಲ್ಲಿ ಅವನಿಗೊಂದು ಕಪ್ಪು ಬಸಿದಿಡುತ್ತಿದ್ದವಳು ಅವಳೊಬ್ಬಳೇ. ಆದರೆ ಬಾಗಿಲ ಮೇಲಿನ ಹೆಸರು ಕಣ್ಣಿಗೆ ಕಟ್ಟಿತ್ತು, ಮತ್ತು ಜುಲೈ ಇನ್ನು ಆರು ವಾರ. ಖಾಲಿ ಸೀಸೆಗಳನ್ನು ಪುಡಿಗುಟ್ಟಿ ಹೊಳೆಗೆ ಚೆಲ್ಲಿದ.

ಮೇ ಮಧ್ಯದಲ್ಲಿ ಗಂಡಸರ ರಕ್ತ ತೆಗೆಯುವ ದಿನ ಬಂತು. ರಿಲ್ಯಾಕ್ಸಿನ್ ಬಸಿರಿನ ಹಾರ್ಮೋನು, ಗಂಡಸರ ರಕ್ತದಲ್ಲಿ ಹುಡುಕಿದರೂ ಸಿಗುವುದಿಲ್ಲ. ಪರೀಕ್ಷೆಗಳಲ್ಲಿ 'ಏನೂ ಇಲ್ಲ' ಎಂದರೆ ಹೇಗೆ ಕಾಣುತ್ತದೆಂದು ತೋರಿಸಲು ಇಂಥ ರಕ್ತ ಬೇಕು. ಕೊಂಡುಕೊಳ್ಳುವ ಬದಲು ಕಂಪನಿಯ ಗಂಡಸರೇ ವರ್ಷಕ್ಕೊಮ್ಮೆ ತೋಳು ಕೊಡುವುದು ಅಲ್ಲಿ ಮೊದಲಿನಿಂದ ಬಂದ ಪದ್ಧತಿ. ಆ ಸೀರಮ್ಮಿಗೆ ಸೊನ್ನೆ ಎನ್ನುತ್ತಾರೆ, ಕೊಟ್ಟವರಿಗೂ ಅದನ್ನೇ ಎನ್ನುತ್ತಾರೆ. ಮೊದಲು ನರ್ಸಾಗಿದ್ದು ಈಗ ಕಚೇರಿ ನೋಡಿಕೊಳ್ಳುವ ಥೆಲ್ಮಾ ಹಾಡ್ಜ್‌ಕಿನ್ಸ್ ಊಟದ ಕೋಣೆಯಲ್ಲಿ ಕುರ್ಚಿ ಹಾಕಿ, ಕಿತ್ತಳೆ ರಸವನ್ನೂ ಡೋನಟ್ಟುಗಳನ್ನೂ ಜೋಡಿಸಿ, ಬಂದ ಸಾಲಿನಂತೆ ಕೊಳವೆಗೆ ಅಂಕಿ ಹಾಕುತ್ತಾಳೆ.

"ಬನ್ರಪ್ಪಾ ಸೊನ್ನೆಗಳಾ," ಎಂದು ಅವಳು ಕರೆದಳು. "ಹೆಂಡ್ತಿ ಮನೇಲಿ ಕೊಡೋ ಬೆಲೇನೇ ಇಲ್ಲೂ ಕೊಡ್ತೀವಿ, ಮೇಲೊಂದು ಡೋನಟ್ಟು."

ಆರು ಜನ ಬಂದರು. ಪ್ರತಿವರ್ಷದ ಹಾಗೆ ಆರ್ಮಂಡ್ ಮೊದಲು ಕೂತ. ಎಲ್ಡನ್ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವನಲ್ಲ. ಈ ವರ್ಷ ತಪ್ಪಿಸಿದರೆ ಅದೇ ಒಂದು ಮಾತಾಗುತ್ತದೆ. ಅವನಿಗೆ ಅಳುಕಿದ್ದುದು ಹೆಬ್ಬೆರಳಿನದು. ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಬಲತೋಳು ಚಾಚಿದ. ಥೆಲ್ಮಾ ಕಣ್ಣೆತ್ತಿ ಕೂಡ ನೋಡದೆ ರಕ್ತ ತೆಗೆದು ಹತ್ತಿ ಒತ್ತಿದಳು. ಎಲ್ಡನ್ ಎದ್ದವನೇ ಎರಡು ಡೋನಟ್ಟು ತಿಂದ, ಬಾಯಿಗೆ ಅಂಟಿದ ಸಕ್ಕರೆ ಒರೆಸಿಕೊಂಡು ಆರ್ಮಂಡ್‌ನ ಬೆನ್ನಿಗೆ ಒಂದು ಗುದ್ದಿದ. ಎಷ್ಟೋ ವಾರದ ಮೇಲೆ ಅವತ್ತು ಅವನಿಗೆ ಹಗುರವೆನಿಸಿತು.

ಮೇ ಕೊನೆಯ ವಾರ ಮಿರಿಯಂ ಶೀತಲ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಎಲ್ಡನ್, ಇದೊಂದು ಕೊನೇದು. ಶುಕ್ರವಾರ ರಾಜೀನಾಮೆ ಬರೆದು ಕೊಡ್ತೀನಿ. ಅದಕ್ಕೆ ಮುಂಚೆ ಕೊಂಡಿ ಸೀಸೇಲೇ ಬಿಚ್ಚಿಕೊಂಡಿತಾ, ಇಲ್ವಾ ಅನ್ನೋದಾದ್ರೂ ಗೊತ್ತಾಗಬೇಕು. ನನ್ನ ಕೈ ನಡುಗ್ತಿದೆ. ನೀವು ಹಾಕ್ಕೊಡ್ತೀರಾ?"

ಅವಳ ಉಪಾಯ ಸರಳವಾಗಿತ್ತು. ಅವಳ ಬಳಿ ಕೊಂಡಿ ಒಂದು ಚೂರು ಉಳಿದಿತ್ತು. ಅದನ್ನು ಮೊಟ್ಟೆಯ ಬಿಳಿಯ ಪ್ರೋಟೀನಿಗೆ ಕಟ್ಟಿ ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಿಗೆ ಬಳಿದಿದ್ದಳು. ವಾಹಕಕ್ಕೆ ಅಂಟಿದ ಹಾಗೇ ಕೊಂಡಿ ಆಡಿನ ಮೈ ಸೇರಿದ್ದರೆ, ಮೈ ಅದಕ್ಕೂ ಪ್ರತಿಕಾಯ ಮಾಡಿರಲೇಬೇಕು. ಆ ಪ್ರತಿಕಾಯ ಇದ್ದರೆ ಗುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಿನ ಹಾಗೇ ಇರುತ್ತದೆ. ಎಲ್ಡನ್ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ. ಆಡುಗಳು ಕೊಂಡಿಯ ಮುಖವನ್ನೇ ಕಂಡಿಲ್ಲ, ಗುಳಿ ನೀರಾಗಿಯೇ ಇರುತ್ತದೆ. ಕೊಂಡಿ ಬಿಚ್ಚಿಕೊಂಡಿತ್ತು, ಬಿಡಿ ಚೂರನ್ನು ಮೈ ಗಮನಿಸಲಿಲ್ಲ ಎಂದು ಅವಳೇ ತೀರ್ಮಾನ ಬರೆದುಕೊಳ್ಳುತ್ತಾಳೆ. ತನ್ನ ಯೋಜನೆಗೆ ಅವಳ ಕೈಯಿಂದಲೇ ಮೊಹರು ಬೀಳುತ್ತದೆ.

"ಕೊಡಿ ಇತ್ತ," ಎಂದ. ಪಾಪ ಎನಿಸಿತು, ಆದರೂ ಕೈ ಅಲುಗಲಿಲ್ಲ.

ಮೇಲಿನ ಮೂರು ಸಾಲಿಗೆ ಮೂರು ಆಡುಗಳು. ಕೆಳಗೆ ಹೋಲಿಸಲು ಸೊನ್ನೆಗಳು, ಒಂದರಿಂದ ಆರು. ಹೊಸ ಸೊನ್ನೆಗಳನ್ನು ಒಟ್ಟಿಗೆ ಬೆರೆಸುವ ಮುಂಚೆ ಬಿಡಿಬಿಡಿಯಾಗಿ ನೋಡುವುದು ಅಲ್ಲಿಯ ನಿಯಮ, ಮತ್ತು ನಿಯಮ ಬಿಟ್ಟು ಎಲ್ಡನ್ ಒಂದು ಹನಿಯನ್ನೂ ಹಾಕಿದವನಲ್ಲ. ಕೊನೆಗೆ ಬಣ್ಣ ಕೊಡುವ ದ್ರಾವಣ. ಆಡಿನದಾಗಲಿ ಮನುಷ್ಯನದಾಗಲಿ, ಯಾವ ಪ್ರತಿಕಾಯವಿದ್ದರೂ ತೋರಿಸುವಂಥದು. ಇಬ್ಬರೂ ಸ್ಟೂಲಿನ ಮೇಲೆ ಕೂತು ಕಾದರು.

ಆಡುಗಳ ಸಾಲು ನೀರಿನಂತೆಯೇ ಉಳಿಯಿತು. ಮಿರಿಯಂ ಮುಖ ಮುಚ್ಚಿಕೊಂಡಳು. ಆಗುವುದು ಆಗಿಹೋಯಿತು, ನಾಳೆಯಿಂದ ನಿದ್ದೆ ಬರುತ್ತದೆ ಎಂದುಕೊಂಡು ಎಲ್ಡನ್ ತಟ್ಟೆಯನ್ನು ತೆಗೆದಿಡಲು ಎತ್ತಿದ. ಕೆಳಗಿನ ಸಾಲಿನಲ್ಲಿ ನಾಲ್ಕನೆಯ ಗುಳಿ ಹಳದಿಯಾಗುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಅದು ಗಾಢವಾಯಿತು.

"ಇದೇನಿದು? ಸೊನ್ನೆ ಹಾಕೋವಾಗ ಏನಾದ್ರೂ ಬೆರೀತಾ?" ಎಂದಳು ಮಿರಿಯಂ.

"ಬೆರೆಯೋದಿಲ್ಲ. ನಾನು ಹಾಕಿದ್ದು," ಎಂದುಬಿಟ್ಟ ಎಲ್ಡನ್. ಹೌದು, ಬೆರೆತಿರಬೇಕು ಎಂದಿದ್ದರೆ ತಟ್ಟೆ ಕಸಕ್ಕೆ ಹೋಗುತ್ತಿತ್ತು. ಹತ್ತೊಂಬತ್ತು ವರ್ಷದ ಕೈ ಆ ಮಾತನ್ನು ಆಡಗೊಡಲಿಲ್ಲ.

"ಹಾಗಾದ್ರೆ ಇನ್ನೊಂದ್ಸಲ ಹಾಕಿ."

ಹಾಕಿದ. ಉಳಿದ ಐದು ಸೊನ್ನೆಯೇ, ನಾಲ್ಕನೆಯದು ಹಳದಿ. ನೂರು ಪಟ್ಟು ನೀರು ಮಾಡಿಸಿದಳು, ಸಾವಿರ ಪಟ್ಟು ಮಾಡಿಸಿದಳು, ಹಳದಿ ಹೋಗಲಿಲ್ಲ. ಮೊಟ್ಟೆಯ ಪ್ರೋಟೀನನ್ನಷ್ಟೇ ಬಳಿದ ಗುಳಿಗೆ ಹಾಕಿಸಿದಳು, ಅಲ್ಲಿ ಬಣ್ಣವಿಲ್ಲ. ಹಿಡಿಯುತ್ತಿದ್ದುದು ಕೊಂಡಿಯನ್ನೇ. ಮಿರಿಯಂಳ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

"ಈ ಕೊಂಡಿ ನನ್ನ ಆರು ಸೀಸೆ, ಈ ತಟ್ಟೆ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ," ಎಂದಳು, ಅವನಿಗಲ್ಲ, ತಟ್ಟೆಗೆ. "ವಾಹಕದ ಜೊತೆ ಇರದೆ ಇದಕ್ಕೆ ಪ್ರತಿಕಾಯ ಹುಟ್ಟೋದೂ ಇಲ್ಲ. ಅಂದ್ರೆ ಕೊಂಡಿ ಬಿಚ್ಚಿಕೊಂಡಿಲ್ಲ ಎಲ್ಡನ್. ಸರಿಯಾಗೇ ಇತ್ತು. ನನ್ನ ಆಡುಗಳಿಗೆ ಅದು ಸಿಗಲೇ ಇಲ್ಲ. ಬೇರೆ ಯಾರಿಗೋ ಸಿಕ್ಕಿದೆ."

"ಆರ್ಮಂಡ್ ಚುಚ್ಚಿಕೊಂಡಿರಬಹುದು," ಎಂದ ಎಲ್ಡನ್.

"ಆರ್ಮಂಡ್ ಯಾವಾಗಲೂ ಮೊದಲನೇ ಕುರ್ಚಿ. ಒಂದನೇದು ನೀರಿನ ಹಾಗಿದೆ ನೋಡಿ." 

ಅವಳು ಗೋಡೆಯ ಫೋನು ಎತ್ತಿ ಥೆಲ್ಮಾಳನ್ನು ಕೇಳಿದಳು, ಸೊನ್ನೆ ಕೊಟ್ಟವರ ಹೆಸರನ್ನು ಸಾಲಾಗಿ ಓದು ಎಂದಳು. ಪೆನ್ಸಿಲು ಕಾಗದದ ಮೇಲೆ ಒಂದು ಹೆಸರು ಬರೆಯಿತು, ಎರಡನೆಯದು ಬರೆಯಿತು.

ಎಲ್ಡನ್ ಎಲ್ಲವನ್ನೂ ಯೋಚಿಸಿದ್ದ. ಚೀಟಿಯ ಅಂಟು, ಪುಡಿಯ ತೂಕ, ಅದರ ನೀಲಿ, ಕುರ್ಚಿಯ ಮೇಲೆ ಬಿಟ್ಟ ಕೋಟು, ಯಾವುದನ್ನೂ ಬಿಟ್ಟಿರಲಿಲ್ಲ. ಹೆಬ್ಬೆರಳಿನ ಗಾಯ ಹೇಗಾಯಿತೆಂಬುದಕ್ಕೆ ಪರವಾನಗಿ ಸಮೇತ ಸುಳ್ಳು ಕಟ್ಟಿದ್ದ. ಆ ಗಾಯದ ಮೂಲಕ ಒಳಗೆ ಹೋದದ್ದು ಏನು ಮಾಡುತ್ತದೆಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಪ್ರತಿಕಾಯವೆಂದರೆ ಆಡು ಮಾಡುವ ಮಾಲು, ಗಂಡಸರ ರಕ್ತವೆಂದರೆ ಸೊನ್ನೆ, ಹತ್ತೊಂಬತ್ತು ವರ್ಷ ಅವನ ಜಗತ್ತು ಹೀಗೇ ಇತ್ತು. ಆ ಚಿಪ್ಪುಜೀವಿಯ ಪುಡಿಯನ್ನು ಅಷ್ಟೂ ವರ್ಷ ಮೂಗಿನಲ್ಲಿ ಎಳೆದುಕೊಂಡು ತಯಾರಾಗಿದ್ದ ಅವನ ಮೈಗೆ ಬ್ಯೂಲಾಳ ಸೂಜಿಯ ಒಂದು ಹನಿ ಸಾಕಾಗಿತ್ತು. ಅದು ಯಾರನ್ನೂ ಕೇಳದೆ, ಅವನು ಕಿಟಕಿಗೂ ಒಲೆಗೂ ಓಡಾಡುತ್ತಿದ್ದ ಹತ್ತು ವಾರವೂ, ಮಿರಿಯಂಳ ಪರವಾಗಿ ಸಾಕ್ಷಿ ತಯಾರಿಸುತ್ತಿತ್ತು. ಆ ಸಾಕ್ಷಿಯನ್ನು ಅವನೇ ಅಂಗಿಯ ತೋಳು ಮಡಿಸಿ, ನಾಲ್ಕನೆಯವನಾಗಿ ಕುರ್ಚಿಯಲ್ಲಿ ಕೂತು ಕೊಟ್ಟುಬಂದಿದ್ದ.